ಪುಕ್ಕಟೆ ಟಿಕೆಟ್ಟಿನ ಹಣ ಯಾರದ್ದು?

ಕಳೆದ ಶಅಬಾನ್ ತಿಂಗಳ ಒಂದು ಸಂಜೆ ಅಸರ್ ನಮಾಝ್ ಮುಗಿಸಿ ಮಸೀದಿಯ ಜಗಲಿಯಲ್ಲಿ ಕುಳಿತಿದ್ದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಸಲಾಮ್ ಹೇಳಿ ಪಕ್ಕದಲ್ಲಿ ಕುಳಿತ. ನಾನು ಮದ್ರಸಕ್ಕೆ ಹೊಸದಾಗಿ ಸೇರಿದ ವರ್ಷ ಅವನು ಏಳನೇ ತರಗತಿಯ ಹುಡುಗ. ಈಗ ಬೆಂಗಳೂರಿನ ಒಂದು ಕಂಪೆನಿಯ ಖರೀದಿ ವಿಭಾಗದಲ್ಲಿ ಕೆಲಸ. ತಂದೆ ಬೇಗನೆ ತೀರಿಹೋದ ಮನೆ ಅದು. ಉಮ್ಮ ಬೀಡಿ ಕಟ್ಟಿ ಇಬ್ಬರು ಮಕ್ಕಳನ್ನು ಸಾಕಿದರು. ಆ ಉಮ್ಮನನ್ನು ಉಮ್ರಾಕ್ಕೆ ಕರೆದುಕೊಂಡು ಹೋಗಬೇಕೆಂಬುದು ಅವನ ಬಹುದಿನಗಳ ಆಸೆ.

"ಉಸ್ತಾದ್, ಎರಡು ಟಿಕೆಟ್ಟಿಗಾಗುವಷ್ಟು ಪಾಯಿಂಟ್ ಆಗಿದೆ. ತೆರಿಗೆ ಮಾತ್ರ ಕಟ್ಟಿದರೆ ಸಾಕು. ಆದರೆ ಉಮ್ಮ ಒಪ್ಪುತ್ತಿಲ್ಲ. ಯಾರೂ ಸುಮ್ಮನೆ ಏನನ್ನೂ ಕೊಡುವುದಿಲ್ಲ, ಇದು ಯಾರ ಹಣ ಅಂತ ಉಸ್ತಾದರನ್ನು ಕೇಳಿಕೊಂಡು ಬಾ ಅಂತ ಕಳಿಸಿದ್ದಾರೆ" ಎಂದ.

ನನಗೆ ಆ ದಿನ ಉತ್ತರ ಗೊತ್ತಿರಲಿಲ್ಲ. ನನ್ನ ಬಳಿ ಕ್ರೆಡಿಟ್ ಕಾರ್ಡ್ ಇಲ್ಲ. ಮದ್ರಸದ ಸಂಬಳಕ್ಕೆ ಅದನ್ನು ಕೊಡುವವರೂ ಇಲ್ಲ. ಆದ್ದರಿಂದ ಮೊದಲು ಅವನಿಂದಲೇ ಪಾಠ ಹೇಳಿಸಿಕೊಂಡೆ. ಅರ್ಧ ಗಂಟೆ ಬಹಳ ಉತ್ಸಾಹದಿಂದ ವಿವರಿಸಿದ. ಅವನಲ್ಲಿರುವುದು ಮೂರು ಕಾರ್ಡುಗಳು. ದಿನಸಿ ಮತ್ತು ಹೋಟೆಲ್ ಖರ್ಚಿಗೆ ಒಂದು, ಆನ್‌ಲೈನ್ ಖರೀದಿಗೆ ಇನ್ನೊಂದು, ಪ್ರಯಾಣಕ್ಕೆ ಮತ್ತೊಂದು. ಯಾವ ಕಾರ್ಡಿನಲ್ಲಿ ನೂರು ರೂಪಾಯಿಗೆ ಎಷ್ಟು ಪಾಯಿಂಟ್, ಅವು ಯಾವ ವಿಮಾನ ಕಂಪೆನಿಯ ಖಾತೆಗೆ ಯಾವ ಪ್ರಮಾಣದಲ್ಲಿ ವರ್ಗವಾಗುತ್ತವೆ, ಹೊಸ ಕಾರ್ಡ್ ತೆಗೆದುಕೊಂಡರೆ ಸಿಗುವ ಸ್ವಾಗತದ ಪಾಯಿಂಟ್ ಎಷ್ಟು, ವಾರ್ಷಿಕ ಶುಲ್ಕ ಕಳೆದರೆ ಉಳಿಯುವುದೇನು, ವರ್ಷದಲ್ಲಿ ಇಂತಿಷ್ಟು ಲಕ್ಷ ಖರ್ಚು ದಾಟಿದರೆ ಸಿಗುವ ಹೆಚ್ಚುವರಿ ಏನು, ಇವೆಲ್ಲ ಅವನಿಗೆ ಬಾಯಿಪಾಠ. ಹಿಂದೆ ಫರಾಇಝ್ ಪಾಠದಲ್ಲಿ ಆಸ್ತಿ ಪಾಲು ಮಾಡುವ ಲೆಕ್ಕಕ್ಕೆ ತಲೆ ಕೆರೆದುಕೊಳ್ಳುತ್ತಿದ್ದ ಹುಡುಗ ಇವನೇನಾ ಎಂದು ನನಗೆ ಆಶ್ಚರ್ಯವಾಯಿತು.

ಇದು ಹುಟ್ಟಿದ್ದು ಅಮೆರಿಕದಲ್ಲಿ. 1981ರ ಮೇ ತಿಂಗಳಲ್ಲಿ ಅಮೆರಿಕನ್ ಏರ್‌ಲೈನ್ಸ್ ಎಂಬ ಕಂಪೆನಿ ತನ್ನ ವಿಮಾನದಲ್ಲಿ ಪದೇ ಪದೇ ಹಾರುವವರಿಗೆ ಮೈಲುಗಳ ಲೆಕ್ಕವಿಟ್ಟು ಪುಕ್ಕಟೆ ಟಿಕೆಟ್ ಕೊಡುವ ಯೋಜನೆ ಆರಂಭಿಸಿತು. ಆಗ ಮೈಲು ಸಿಗಬೇಕಾದರೆ ಹಾರಲೇಬೇಕಿತ್ತು. 1987ರಲ್ಲಿ ಸಿಟಿಬ್ಯಾಂಕಿನ ಜೊತೆ ಸೇರಿ ಕಾರ್ಡ್ ತಂದ ಮೇಲೆ ಹಾರದೆಯೂ, ಅಕ್ಕಿ ಸಕ್ಕರೆ ಖರೀದಿಸಿದರೂ ಮೈಲು ಸಿಗತೊಡಗಿತು. ಇಲ್ಲಿ ನಡೆಯುವ ವ್ಯವಹಾರವನ್ನು ಸರಿಯಾಗಿ ಗಮನಿಸಬೇಕು. ವಿಮಾನ ಕಂಪೆನಿ ಪಾಯಿಂಟುಗಳನ್ನು ದಾನ ಮಾಡುವುದಿಲ್ಲ, ಬ್ಯಾಂಕಿಗೆ ಮಾರುತ್ತದೆ. ಬ್ಯಾಂಕು ರೊಕ್ಕ ಕೊಟ್ಟು ಕೊಂಡು ನಮಗೆ ಹಂಚುತ್ತದೆ. 2023ರಲ್ಲಿ ಡೆಲ್ಟಾ ಏರ್‌ಲೈನ್ಸ್‌ಗೆ ಅಮೆರಿಕನ್ ಎಕ್ಸ್‌ಪ್ರೆಸ್ ಎಂಬ ಒಂದೇ ಕಾರ್ಡ್ ಕಂಪೆನಿಯಿಂದ ಬಂದ ಮೊತ್ತ ಸುಮಾರು 680 ಕೋಟಿ ಡಾಲರ್. 2020ರಲ್ಲಿ ಕೊರೋನಾ ರೋಗದಿಂದ ವಿಮಾನಗಳು ನೆಲಕ್ಕಿಳಿದಾಗ ಯುನೈಟೆಡ್ ಏರ್‌ಲೈನ್ಸ್ ತನ್ನ ಪಾಯಿಂಟು ಯೋಜನೆಯನ್ನೇ ಅಡವಿಟ್ಟು ನೂರಾರು ಕೋಟಿ ಡಾಲರ್ ಸಾಲ ಎತ್ತಿತು. ವಿಮಾನಗಳು ಹಾರದಿದ್ದರೂ ಪಾಯಿಂಟಿಗೆ ಬೆಲೆಯಿತ್ತು.

ಹಾಗಾದರೆ ಬ್ಯಾಂಕಿಗೆ ಈ ರೊಕ್ಕ ಎಲ್ಲಿಂದ? ಉಮ್ಮ ಕೇಳಿದ್ದು ಇದನ್ನೇ. ಮುಖ್ಯವಾಗಿ ಮೂರು ಬಾವಿಗಳಿಂದ. ಒಂದು, ಕಾರ್ಡಿನ ವಾರ್ಷಿಕ ಶುಲ್ಕ. ಇನ್ನೊಂದು, ಅಂಗಡಿಯವನು ಪ್ರತಿ ಕಾರ್ಡ್ ಮಾರಾಟಕ್ಕೆ ಕೊಡುವ ಕಮಿಷನ್. ನಮ್ಮ ದೇಶದಲ್ಲಿ ಅದು ಸಾಮಾನ್ಯವಾಗಿ ನೂರಕ್ಕೆ ಎರಡು ರೂಪಾಯಿಯ ಆಸುಪಾಸು. ಮೂರನೆಯದು, ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟಲಾಗದವರು ತೆರುವ ಬಡ್ಡಿ. ಶುಲ್ಕದ ವಿಷಯದಲ್ಲಿ ತಕರಾರಿಲ್ಲ. ಉಳಿದೆರಡರ ಬಗ್ಗೆ ಮಾತಾಡಬೇಕಾಗಿದೆ.

ಅದಕ್ಕೆ ಮೊದಲು ಕರಾರಿನ ಪ್ರಶ್ನೆ ಇದೆ. ಕಾರ್ಡ್ ತೆಗೆದುಕೊಳ್ಳುವಾಗಲೇ ತಡವಾದರೆ ಬಡ್ಡಿ ಕೊಡುತ್ತೇನೆಂದು ಸಹಿ ಹಾಕಿರುತ್ತೇವೆ. ಜಿದ್ದಾದಲ್ಲಿ ಕೇಂದ್ರವಿರುವ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 2000ನೇ ಇಸವಿಯ ಸೆಪ್ಟೆಂಬರಿನಲ್ಲಿ ರಿಯಾದಿನಲ್ಲಿ ಸೇರಿದ 12ನೇ ಅಧಿವೇಶನದಲ್ಲಿ, ಬಡ್ಡಿಯ ಷರತ್ತು ಇರುವ ಇಂತಹ ಕಾರ್ಡನ್ನು, ಗಡುವಿನೊಳಗೆ ಕಟ್ಟುವ ಸಂಕಲ್ಪವಿದ್ದರೂ, ಪಡೆಯುವುದು ಸಲ್ಲದು ಎಂದು ನಿರ್ಣಯಿಸಿತು. ಬಡ್ಡಿ ತಿನ್ನುವವನನ್ನು ಮಾತ್ರವಲ್ಲ, ಕೊಡುವವನನ್ನೂ ಬರೆಯುವವನನ್ನೂ ಸಾಕ್ಷಿ ನಿಲ್ಲುವವರನ್ನೂ ಪ್ರವಾದಿವರ್ಯರು(ಸ) ಶಪಿಸಿದ್ದಾರೆಂಬ ಹದೀಸ್ ಎಲ್ಲರಿಗೂ ತಿಳಿದದ್ದೇ. ಆದರೆ ಬೇರೆ ಕೆಲವು ವಿದ್ವಾಂಸರು, ಅನಿವಾರ್ಯವಾದ ಇಂದಿನ ವ್ಯವಹಾರದಲ್ಲಿ, ಒಂದು ದಿನವೂ ತಡಮಾಡದೆ ಪೂರ್ತಿ ಕಟ್ಟುವವನಿಗೆ, ಆ ಷರತ್ತು ಎಂದೂ ಜಾರಿಗೆ ಬರದಂತೆ ನೋಡಿಕೊಳ್ಳುವವನಿಗೆ ರಿಯಾಯಿತಿ ನೀಡಿದ್ದಾರೆ. ನಾನು ಮುಫ್ತಿಯಲ್ಲ. ಈ ಎರಡರಲ್ಲಿ ಯಾವುದನ್ನು ಅನುಸರಿಸಬೇಕೆಂದು ತಮ್ಮ ಊರಿನ ನಂಬಿಗಸ್ತ ಆಲಿಮರಲ್ಲಿ ಕೇಳಿ. ನನ್ನ ವಿದ್ಯಾರ್ಥಿ ಎರಡನೆಯ ಅಭಿಪ್ರಾಯವನ್ನು ಹಿಡಿದವನು, ಮತ್ತು ಆರು ವರ್ಷದಲ್ಲಿ ಒಮ್ಮೆಯೂ ತಡಮಾಡಿಲ್ಲ. ಅವನ ಮಟ್ಟಿಗೆ ಪ್ರಶ್ನೆ ಅಲ್ಲಿಗೆ ಮುಗಿದಿತ್ತು.

ಪಾಯಿಂಟು ಸ್ವತಃ ಬಡ್ಡಿಯೇ? ಅಲ್ಲವೆಂದು ಹೇಳಬಹುದು. ಸಾಲ ಕೊಟ್ಟವನು ಸಾಲಗಾರನಿಂದ ಲಾಭ ಪಡೆದರೆ ಅದು ಬಡ್ಡಿ. ತನ್ನ ಸಾಲಗಾರನ ಮನೆಗೋಡೆಯ ನೆರಳಲ್ಲಿ ನಿಲ್ಲಲೂ ಇಮಾಮ್ ಅಬೂ ಹನೀಫಾ(ರ) ಹಿಂಜರಿದರೆಂದು ಹೇಳುವುದುಂಟು. ಆದರೆ ಇಲ್ಲಿ ಸಾಲಗಾರ ನಾವು, ಕೊಡುವವನು ಬ್ಯಾಂಕು. ಸಾಲಿಗನೇ ಸಾಲಗಾರನಿಗೆ ಕಾಣಿಕೆ ಕೊಡುತ್ತಾನೆಂದರೆ ಫಿಕ್ಹಿನ ಹಳೆಯ ಗ್ರಂಥ ಬರೆದವರು ಊಹಿಸಿರಲಾರದ ಔದಾರ್ಯವಿದು!

ಔದಾರ್ಯದ ಇನ್ನೊಂದು ಮುಖವನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. ಆ ಹುಡುಗನ ಅಕ್ಕನ ಗಂಡ ನಮ್ಮ ಪೇಟೆಯಲ್ಲೇ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಎರಡು ವರ್ಷದ ಹಿಂದೆ ಮಗುವಿನ ಆಸ್ಪತ್ರೆ ಖರ್ಚಿಗೆ ಕಾರ್ಡ್ ಉಜ್ಜಿದ. ಐವತ್ತು ಸಾವಿರ. ನಮ್ಮ ದೇಶದ ಕಾರ್ಡುಗಳಲ್ಲಿ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆಯ ಆಸುಪಾಸು, ವರ್ಷಕ್ಕೆ ನಲ್ವತ್ತರ ಮೇಲೆ. ಲೆಕ್ಕ ಹಾಕಿ ನೋಡಿ. ಐವತ್ತು ಸಾವಿರಕ್ಕೆ ಒಂದು ತಿಂಗಳ ಬಡ್ಡಿ 1,750 ರೂಪಾಯಿ, ಅದರ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. 315. ಅವನು 2,500 ಕಟ್ಟಿದರೆ ಅಸಲಿನಿಂದ ಇಳಿಯುವುದು ಕೇವಲ 435 ರೂಪಾಯಿ. ಬಾಕಿ ಉಳಿದಿರುವಷ್ಟು ಕಾಲ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ; ಅವನ ಬಾವನಿಗೆ ಸಿಗುವ ನಲ್ವತ್ತೈದು ಐವತ್ತು ದಿನಗಳ ಬಡ್ಡಿರಹಿತ ಗಡುವು ಅವನಿಗಿಲ್ಲ. ನೂರಕ್ಕೆ ಮೂವತ್ತಕ್ಕಿಂತ ಹೆಚ್ಚು ಬಡ್ಡಿ ಅನುಚಿತವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ತೀರ್ಪಿತ್ತಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಪಡಿಸಿತು.

ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕು, ಬಿಟ್ಟುಬಿಟ್ಟರೆ ಇನ್ನೂ ಉತ್ತಮ ಎಂದು ಅಲ್‌ಬಕರಃ ಅಧ್ಯಾಯದಲ್ಲಿ ಬಡ್ಡಿ ನಿಷೇಧದ ಬೆನ್ನಿಗೇ ಹೇಳಲಾಗಿದೆ. ಈ ಕಾರ್ಡಿನ ವ್ಯವಸ್ಥೆ ಅದರ ತಲೆಕೆಳಗಿನ ರೂಪ. ಅನುಕೂಲಸ್ಥನಿಗೆ ಕಾಲಾವಕಾಶ ಮತ್ತು ಕಾಣಿಕೆ, ಕಷ್ಟದಲ್ಲಿರುವವನಿಗೆ ಮೊದಲ ದಿನದಿಂದ ಬಡ್ಡಿ. ಬಿಲ್ಲನ್ನು ತಪ್ಪದೆ ಪೂರ್ತಿ ಕಟ್ಟುವ ಗ್ರಾಹಕನಿಗೆ ಅಮೆರಿಕದ ಕಾರ್ಡ್ ವ್ಯಾಪಾರದವರು ಹಾಸ್ಯಕ್ಕೆ 'ಡೆಡ್‌ಬೀಟ್' ಎನ್ನುತ್ತಾರಂತೆ. ಸಾಲ ಮುಳುಗಿಸುವ ದಂಡಪಿಂಡ ಎಂಬುದು ಆ ಮಾತಿನ ಅರ್ಥ. ಬಡ್ಡಿಯ ಕಣ್ಣಿನಲ್ಲಿ ಪ್ರಾಮಾಣಿಕನೇ ದಂಡಪಿಂಡ.

ಅಂಗಡಿಯ ಕಮಿಷನ್ನಿನ ಕಥೆಯೂ ಇದೇ ದಾರಿಯದು. ಅಂಗಡಿಯವನು ಅದನ್ನು ತನ್ನ ಜೇಬಿನಿಂದ ಕೊಡುವುದಿಲ್ಲ, ವಸ್ತುವಿನ ಬೆಲೆಯಲ್ಲಿ ಸೇರಿಸುತ್ತಾನೆ. ಆಗ ನಗದು ಕೊಡುವವನೂ ಅದೇ ಬೆಲೆ ಕೊಡಬೇಕು. ಅಮೆರಿಕದ ಬಾಸ್ಟನ್ನಿನ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಲೆಕ್ಕ ಹಾಕಿದ ಪ್ರಕಾರ, ಅಲ್ಲಿ ನಗದು ಬಳಸುವ ಕುಟುಂಬವೊಂದು ಸರಾಸರಿ ವರ್ಷಕ್ಕೆ 149 ಡಾಲರ್ ಕಳೆದುಕೊಳ್ಳುತ್ತದೆ, ಕಾರ್ಡ್ ಬಳಸುವ ಕುಟುಂಬ 1,133 ಡಾಲರ್ ಪಡೆಯುತ್ತದೆ. 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಕಾರ್ಡುಗಳ ಬಹುಮಾನದಿಂದ ವರ್ಷಕ್ಕೆ ಸುಮಾರು 1,500 ಕೋಟಿ ಡಾಲರ್ ಒಂದು ವರ್ಗದಿಂದ ಇನ್ನೊಂದಕ್ಕೆ ಸರಿಯುತ್ತದೆ ಎಂದಿತು. ವ್ಯವಹಾರದಲ್ಲಿ ಎಡವುವವರಿಂದ ಲೆಕ್ಕದಲ್ಲಿ ಚುರುಕಾದವರ ಕಡೆಗೆ. ಇವು ಅಮೆರಿಕದ ಅಂಕಿಗಳು. ನಮ್ಮಲ್ಲಿ ಮೀನಿನ ಮಾರುಕಟ್ಟೆಯಲ್ಲೂ ಯು.ಪಿ.ಐ. ಬಂದಿದೆ, ಬ್ಯಾಂಕ್ ಖಾತೆಯಿಂದ ನೇರ ಹೋಗುವ ಆ ಪಾವತಿಗೆ 2020ರಿಂದ ವ್ಯಾಪಾರಿ ಕಮಿಷನ್ ಕೊಡಬೇಕಾಗಿಲ್ಲ. ನಮ್ಮ ಪೇಟೆಯ ಚಪ್ಪಲಿ ಅಂಗಡಿಯವರು "ಕಾರ್ಡಾದರೆ ನೂರಕ್ಕೆ ಎರಡು ಹೆಚ್ಚು" ಎಂದು ಬಾಯಿಬಿಟ್ಟು ಹೇಳುತ್ತಾರೆ. ಹೀಗೆ ಕೇಳಿದರೆ ಗಿರಾಕಿಗೆ ಸಿಟ್ಟು ಬರುತ್ತದೆ, ಆದರೆ ನನಗೆ ಅದೇ ಹೆಚ್ಚು ನೇರವಾಗಿ ಕಾಣುತ್ತದೆ. ತನ್ನ ಪಾಯಿಂಟಿಗೆ ತಾನೇ ಬೆಲೆ ಕೊಟ್ಟಂತಾಯಿತಲ್ಲ.

ಇಷ್ಟನ್ನು ಹೇಳಿದಾಗ ನನ್ನ ವಿದ್ಯಾರ್ಥಿ ಸುಮ್ಮನಿರಲಿಲ್ಲ. "ಉಸ್ತಾದ್, ಹಾಗೆ ಹುಡುಕುತ್ತಾ ಹೋದರೆ ನಾವು ಬದುಕುವುದು ಹೇಗೆ? ನನ್ನ ಸಂಬಳ ಬರುವ ಕಂಪೆನಿಗೂ ಬ್ಯಾಂಕ್ ಸಾಲವಿದೆ. ನಿಮ್ಮ ಮದ್ರಸಕ್ಕೆ ಚಂದಾ ಕೊಡುವವರ ವ್ಯಾಪಾರದಲ್ಲೂ ಬಡ್ಡಿಯ ಹಣ ಸುತ್ತಿ ಬಂದಿರುತ್ತದೆ. ನಾನು ಕಾರ್ಡ್ ಬಿಟ್ಟರೆ ಭಾವನ ಬಡ್ಡಿ ಕಡಿಮೆಯಾಗುತ್ತದೆಯೇ?"

ಇದು ಗಟ್ಟಿಯಾದ ಮಾತು, ತಳ್ಳಿಹಾಕುವಂಥದ್ದಲ್ಲ. ಪ್ರವಾದಿವರ್ಯರು(ಸ) ವಫಾತ್ ಆದಾಗ ಅವರ ಯುದ್ಧಕವಚ ಒಬ್ಬ ಯಹೂದಿಯ ಬಳಿ ಮೂವತ್ತು ಸಾಅ್ ಜವೆಗೋಧಿಗಾಗಿ ಅಡವಿತ್ತೆಂದು ಬುಖಾರಿಯಲ್ಲಿದೆ. ಬಡ್ಡಿ ವ್ಯವಹಾರ ಇದ್ದ ಸಮುದಾಯದವರೊಡನೆಯೂ ಅವರು ಕೊಂಡುಕೊಳ್ಳುವಿಕೆ ನಡೆಸಿದ್ದರು. ಪ್ರತಿಯೊಂದು ನಾಣ್ಯದ ವಂಶಾವಳಿ ಕೇಳಬೇಕೆಂದು ದೀನ್ ನಮ್ಮ ಮೇಲೆ ಹೊರಿಸಿಲ್ಲ. ಹಾಗಿರುವಾಗ ಅವನ ಪಾಯಿಂಟು ಹರಾಮ್ ಎಂದು ಘೋಷಿಸುವ ಧೈರ್ಯ ನನಗಿಲ್ಲ.

ಆದರೆ ಒಂದು ವ್ಯತ್ಯಾಸವಿದೆ. ಸಂತೆಯಲ್ಲಿ ನಡೆಯುವಾಗ ಬಟ್ಟೆಗೆ ಧೂಳು ಹತ್ತುವುದು ಬೇರೆ, ಧೂಳು ಎಲ್ಲಿ ದಟ್ಟವಾಗಿದೆ ಎಂದು ಹುಡುಕಿ ಚೀಲ ಹಿಡಿದು ನಿಲ್ಲುವುದು ಬೇರೆ. ಕಾರ್ಡ್ ಬೇಕೆಂದು ಒಂದನ್ನು ಇಟ್ಟುಕೊಂಡು, ಸಿಕ್ಕಿದ ಪಾಯಿಂಟನ್ನು ಬಳಸುವವನು ಮೊದಲನೆಯವನು. ಅತಿ ಹೆಚ್ಚು ಪಾಯಿಂಟು ಕೊಡುವ ಕಾರ್ಡ್ ಯಾವುದೆಂದು ಶೋಧಿಸುವವನು ತಿಳಿದೋ ತಿಳಿಯದೆಯೋ ಇನ್ನೊಬ್ಬನ ಎಡವುವಿಕೆ ಎಲ್ಲಿ ಹೆಚ್ಚು ಫಲ ಕೊಡುತ್ತದೆ ಎಂದು ಶೋಧಿಸುತ್ತಿದ್ದಾನೆ. ಎಲ್ಲರೂ ಅವನಂತೆ ಶಿಸ್ತಿನವರಾದ ದಿನ ಅವನಿಗೆ ಸಿಗುವ ಪಾಯಿಂಟಿನ ಬಹುಪಾಲು ನಿಂತುಹೋಗುತ್ತದೆ. ತಾನು ಬಯಸುವ ಒಳಿತನ್ನು ಸಹೋದರನಿಗೂ ಬಯಸಬೇಕಾದ ವಿಶ್ವಾಸಿಗೆ ಇದು ಇಕ್ಕಟ್ಟಿನ ಜಾಗ. ಭಾವನಿಗೆ ಬುದ್ಧಿ ಬರಲಿ ಎಂದು ದುಆ ಮಾಡಬೇಕು, ಅಂಥವರೆಲ್ಲರಿಗೂ ಬುದ್ಧಿ ಬಂದರೆ ತನ್ನ ಟಿಕೆಟ್ಟಿಲ್ಲ.

ಇಷ್ಟು ಸಂದೇಹದ ವಲಯ. ಹಲಾಲ್ ಸ್ಪಷ್ಟ, ಹರಾಮ್ ಸ್ಪಷ್ಟ, ನಡುವೆ ಅಸ್ಪಷ್ಟವಾದವು ಇವೆ ಎಂದು ನುಅ್‌ಮಾನ್ ಬಿನ್ ಬಶೀರ್(ರ) ವರದಿ ಮಾಡಿದ ಹದೀಸಿನಲ್ಲಿ ಹೇಳಿದ ವಲಯ. ಆದರೆ ಮಾತು ಮುಂದುವರಿದಂತೆ ಸಂದೇಹವೇ ಇಲ್ಲದ ಎರಡು ಸಂಗತಿಗಳು ಹೊರಬಂದವು.

ಮೊದಲನೆಯದು ಬಾಡಿಗೆ. ವರ್ಷದ ಖರ್ಚಿನ ಗುರಿ ಮುಟ್ಟಲು ಕಡಿಮೆ ಬಿದ್ದಾಗ ಅವನು ಗೆಳೆಯನ ಹೆಸರಿಗೆ ಮನೆಬಾಡಿಗೆಯೆಂದು ಕಾರ್ಡಿನಿಂದ ಹಣ ಕಳಿಸಿ, ಗೆಳೆಯ ಅದನ್ನು ಅವನ ಖಾತೆಗೆ ವಾಪಸು ಹಾಕುತ್ತಿದ್ದನಂತೆ. ಮನೆಯೂ ಇಲ್ಲ, ಬಾಡಿಗೆಯೂ ಇಲ್ಲ. "ಎಲ್ಲರೂ ಮಾಡುತ್ತಿದ್ದರು ಉಸ್ತಾದ್, ಈಗ ಬ್ಯಾಂಕುಗಳು ಬಾಡಿಗೆಗೆ ಶುಲ್ಕ ಹಾಕಿದ ಮೇಲೆ ಕಡಿಮೆಯಾಗಿದೆ" ಎಂದ. ಅಮೆರಿಕದಲ್ಲಿ ಇದರ ದೊಡ್ಡಣ್ಣನೇ ನಡೆದಿತ್ತು. ಅಲ್ಲಿನ ಸರಕಾರಿ ಟಂಕಸಾಲೆ ಒಂದು ಡಾಲರಿನ ನಾಣ್ಯಗಳನ್ನು ಚಲಾವಣೆಗೆ ತರಬೇಕೆಂದು ಮುಖಬೆಲೆಗೇ, ಸಾಗಣೆ ವೆಚ್ಚವೂ ಇಲ್ಲದೆ ಮನೆಗೆ ಕಳಿಸುತ್ತಿತ್ತು. ಜಾಣರು ಕಾರ್ಡಿನಲ್ಲಿ ಸಾವಿರಗಟ್ಟಲೆ ನಾಣ್ಯ ತರಿಸಿ, ಪೆಟ್ಟಿಗೆಯನ್ನು ನೇರ ಬ್ಯಾಂಕಿಗೆ ಒಯ್ದು ಜಮೆ ಮಾಡಿ, ಅದೇ ಹಣದಿಂದ ಕಾರ್ಡಿನ ಬಿಲ್ ಕಟ್ಟಿ ಮೈಲುಗಳನ್ನು ಉಳಿಸಿಕೊಂಡರು. 2011ರಲ್ಲಿ ಟಂಕಸಾಲೆ ಕಾರ್ಡ್ ಮಾರಾಟವನ್ನೇ ನಿಲ್ಲಿಸಿತು. ಓದುವಾಗ ನನಗೂ ನಗು ಬಂತು. ಆಮೇಲೆ ಶನಿವಾರದವರ ನೆನಪಾಯಿತು. ಸಬ್ಬತ್ ದಿನ ಮೀನು ಹಿಡಿಯಬಾರದೆಂದಾಗ ಮುನ್ನಾದಿನವೇ ಬಲೆ ಹರಡಿ ಮರುದಿನ ಎಳೆದುಕೊಂಡ ಸಮುದ್ರತೀರದವರು. ಕುರ್‌ಆನಿನ ವ್ಯಾಖ್ಯಾನಕಾರರು ಹೇಳುವ ಈ ಕಥೆಯನ್ನು ನಾನು ಪ್ರತಿವರ್ಷ ಪಾಠ ಮಾಡುತ್ತೇನೆ, ಅವನೂ ನನ್ನಿಂದಲೇ ಕೇಳಿದ್ದ. ನಾಣ್ಯ ತರಿಸಿದವರು ಕೊನೆಗೆ ಸುಳ್ಳಾದರೂ ಹೇಳಿರಲಿಲ್ಲ. ಇಲ್ಲದ ಮನೆಗೆ ಬಾಡಿಗೆ ಎಂದು ಬರೆದದ್ದು ನೇರ ಸುಳ್ಳು. ಇದಕ್ಕೆ ಮುಫ್ತಿಯ ಅಗತ್ಯವಿಲ್ಲವೆಂದು ಅವನಿಗೆ ಹೇಳಿದೆ.

ಎರಡನೆಯದು ಅವನ ಕೆಲಸಕ್ಕೆ ಸಂಬಂಧಿಸಿದ್ದು. ಕಂಪೆನಿಗೆ ಬೇಕಾದ ಸಣ್ಣಪುಟ್ಟ ಸಾಮಾನುಗಳನ್ನು ತನ್ನ ಸ್ವಂತ ಕಾರ್ಡಿನಲ್ಲಿ ಖರೀದಿಸಿ ನಂತರ ಬಿಲ್ ಕೊಟ್ಟು ಹಣ ಪಡೆಯುತ್ತಿದ್ದ. ಪಾಯಿಂಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಹೀಗೆ. ಅಝ್ದ್ ಗೋತ್ರದ ಇಬ್ನುಲ್ಲುತ್‌ಬಿಯ್ಯ ಎಂಬವರನ್ನು ಝಕಾತ್ ಸಂಗ್ರಹಕ್ಕೆ ಕಳಿಸಿದ್ದ ಪ್ರಸಂಗ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಅವರು ಮರಳಿ ಬಂದು ಇಷ್ಟು ನಿಮ್ಮದು, ಇಷ್ಟು ನನಗೆ ಬಂದ ಉಡುಗೊರೆ ಎಂದಾಗ ಪ್ರವಾದಿವರ್ಯರು(ಸ) ಮಿಂಬರಿನ ಮೇಲೆ ನಿಂತು, ತಂದೆ ತಾಯಿಯ ಮನೆಯಲ್ಲೇ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂಬ ಅರ್ಥದ ಪ್ರಶ್ನೆ ಕೇಳಿದರು. ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಹೊಳೆಯಲಿಲ್ಲ. ಆದರೂ ಇಲ್ಲಿ ದಾರಿ ಇದೆ. ಕೆಲವು ಕಂಪೆನಿಗಳು ಇದನ್ನು ತಿಳಿದೇ ನೌಕರರಿಗೆ ಬಿಟ್ಟುಕೊಡುತ್ತವೆ. ಯಜಮಾನ ತಿಳಿದು ಒಪ್ಪಿದರೆ ಅದು ಅವನ ಕೊಡುಗೆ. "ನಿನ್ನ ಮೇಲಧಿಕಾರಿಗೆ ಗೊತ್ತೇ?" ಎಂದೆ. ತಲೆ ತಗ್ಗಿಸಿದ. ಕೇಳಲು ನಾಚಿಕೆಯಾಗುತ್ತದೆ ಎಂದಾದರೆ ಆ ನಾಚಿಕೆಯೇ ಅರ್ಧ ಉತ್ತರವಲ್ಲವೇ?

ಪಾಯಿಂಟಿಗೆ ಇನ್ನೊಂದು ಗುಣವಿದೆ, ಅದನ್ನೂ ಹೇಳಿಬಿಡುತ್ತೇನೆ. ಅದು ಹಣವಲ್ಲ, ಕೊಡುವವನು ಬಯಸಿದಾಗ ಕರಗುವ ಮಂಜುಗಡ್ಡೆ. ನಮ್ಮ ಬೆಂಗಳೂರಿನದ್ದೇ ಆದ ಕಿಂಗ್‌ಫಿಷರ್ ವಿಮಾನಗಳು 2012ರ ಅಕ್ಟೋಬರಿನಲ್ಲಿ ನಿಂತಾಗ ಆ ವಿಮಾನದಲ್ಲಿ ಹಾರಲೆಂದು ಕೂಡಿಟ್ಟ ಪಾಯಿಂಟಿಗೆ ಹಾರಲು ವಿಮಾನವೇ ಇರಲಿಲ್ಲ. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಿತು. ಕಂಪೆನಿ ಬದುಕಿದ್ದರೂ ಒಂದು ಟಿಕೆಟ್ಟಿಗೆ ಬೇಕಾದ ಪಾಯಿಂಟು ರಾತ್ರಿ ಬೆಳಗಾಗುವುದರಲ್ಲಿ ಏರಬಹುದು, ಯಾರನ್ನೂ ಕೇಳುವಂತಿಲ್ಲ. ಆದ್ದರಿಂದಲೇ ಇದನ್ನು ಬೆನ್ನಟ್ಟುವವರ ಮನಸ್ಸಿಗೆ ನೆಮ್ಮದಿಯಿಲ್ಲ. ಮಗ್ರಿಬ್ ಅಝಾನ್ ಆಗುವವರೆಗೂ ಅವನ ಬೆರಳು ಫೋನಿನ ಮೇಲೆಯೇ ಇತ್ತು. ಗುರಿ ಮುಟ್ಟಿಸಲು ಬೇಡದ ಇಯರ್‌ಫೋನ್, ಬೇಡದ ಗಡಿಯಾರ ಕೊಂಡದ್ದನ್ನು ಅವನೇ ನಗುತ್ತಾ ಹೇಳಿದ.

ಮರುದಿನ ಅವರ ಮನೆಗೆ ಹೋದೆ. ನಮ್ಮ ಶಾಫಿಈ ಮದ್‌ಹಬಿನಲ್ಲಿ ಉಮ್ರಾ ಕೂಡ ಜೀವನದಲ್ಲೊಮ್ಮೆ ಕಡ್ಡಾಯ, ಆದರೆ ಸಾಮರ್ಥ್ಯ ಇದ್ದವರಿಗೆ ಮಾತ್ರ ಎಂದು ಉಮ್ಮನಿಗೆ ಹೇಳಿದೆ. ಸಂದೇಹದ ಹಣದಿಂದ ಹೋದರೂ ಕರ್ಮ ಸಿಂಧುವಾಗುತ್ತದೆ, ಸ್ವೀಕೃತವಾಗುವುದು ಅಲ್ಲಾಹನಿಗೆ ಬಿಟ್ಟದ್ದು ಎಂದೂ ಹೇಳಿದೆ. ಪಾಯಿಂಟು ಎಲ್ಲಿಂದ ಬರುತ್ತದೆಂದು ವಿವರಿಸುವಾಗ ಅಡಿಗೆಮನೆಯ ಬಾಗಿಲಲ್ಲಿ ಮಗಳು ನಿಂತಿದ್ದಳು. ಉಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಅಂದರೆ ಉಸ್ತಾದರೇ, ಅಳಿಯ ಕಟ್ಟುವುದು ಇವನಿಗೆ ಬರುವುದು ಒಂದೇ ಗುಡಾಣದ ಹಣವಾ?"

"ಅವನದ್ದೇ ಅಂತ ಅಲ್ಲ ಉಮ್ಮ. ಆದರೆ ಅಂಥವರದ್ದೂ ಅದರಲ್ಲಿದೆ" ಎಂದೆ.

ಆ ರಾತ್ರಿ ನಾವು ಮೂವರು ಗಂಡಸರು ಕುಳಿತು ಅಳಿಯನ ಬಾಕಿ ಲೆಕ್ಕ ಹಾಕಿದೆವು. ಎರಡು ವರ್ಷ ಕಟ್ಟಿದ ಮೇಲೂ ಮೂವತ್ತೆಂಟು ಸಾವಿರ ಉಳಿದಿತ್ತು. ಮಕ್ಕಾದ ವಸತಿಗೆಂದು ತೆಗೆದಿಟ್ಟಿದ್ದ ಹಣದಿಂದ ವಿದ್ಯಾರ್ಥಿ ಅದನ್ನು ತೀರಿಸಿ, ತಿಂಗಳಿಗೆ ಮೂರು ಸಾವಿರದಂತೆ ಬಡ್ಡಿಯಿಲ್ಲದೆ ವಾಪಸು ಕೊಡುವ ಕರಾರು ಬರೆಯಿಸಿಕೊಂಡ. ಸಾಕ್ಷಿ ಹಾಕಿದ್ದು ನಾನು. ಕಂಪೆನಿಯಲ್ಲಿ ಕೇಳಿದಾಗ, ಮುಂದೆ ಕಂಪೆನಿಯ ಕಾರ್ಡನ್ನೇ ಬಳಸು, ಹಿಂದಿನದ್ದು ಇರಲಿ ಎಂದರಂತೆ. ಮೂರರಲ್ಲಿ ಎರಡು ಕಾರ್ಡುಗಳನ್ನು ಮುಚ್ಚಿದ್ದಾನೆ, ಒಂದನ್ನು ಇಟ್ಟುಕೊಂಡಿದ್ದಾನೆ. ಉಳಿದ ಪಾಯಿಂಟನ್ನು ಏನು ಮಾಡಬೇಕೆಂದು ಉಮ್ಮನನ್ನು ಕೇಳಿದಾಗ ಅವರು ಹೇಳಿದ್ದು ಇಷ್ಟು: "ನನ್ನ ಟಿಕೆಟ್ಟಿಗೆ ನಿನ್ನ ಸಂಬಳದ ಹಣ ಹಾಕು, ಎಷ್ಟು ತಿಂಗಳಾದರೂ ಕಾಯುತ್ತೇನೆ. ನಿನ್ನ ಟಿಕೆಟ್ಟು ನಿನ್ನಿಷ್ಟ."

ಅವನು ಇನ್ನೂ ತೀರ್ಮಾನಿಸಿಲ್ಲ. ಹೋದ ವಾರ ಫೋನು ಮಾಡಿದಾಗಲೂ ಅದನ್ನೇ ಕೇಳಿದ.